ಹಳೆಯ ಲಾರಿ ಆಗಾಗ ಮಿಸ್ಸಿಂಗ್ ಹೊಡೆಯುತ್ತಿದೆಯೇ? ಪಂಪ್ ಬಿಚ್ಚುವ ಮುನ್ನ ನೋಡಬೇಕಾದದ್ದು

ಸದಾ ಇರುವ ದೋಷಕ್ಕಿಂತ ಬಂದು ಹೋಗುವ ದೋಷ ಲಾರಿ ಮಾಲೀಕನ ಕೈ ಹೆಚ್ಚು ಕಚ್ಚುತ್ತದೆ. ಶಿರಾಡಿ ಘಾಟಿಯ ಏರಿನಲ್ಲಿ ಮಿಸ್ಸಿಂಗ್ ಹೊಡೆದ, ಅಂದರೆ ನಡುನಡುವೆ ಉರಿ ತಪ್ಪಿ ಕುಂಟಿದ ಎಂಜಿನ್ ಗ್ಯಾರೇಜಿನ ಮುಂದೆ ನಿಂತಾಗ ಚೊಕ್ಕವಾಗಿ ಓಡುತ್ತದೆ. ಕಾರಣ ಕಾಣದ ಮೆಕ್ಯಾನಿಕ್ ಸಿಲಿಂಡರ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಡೀಸೆಲ್ ಪಂಪಿನ ಮೇಲೆ ಅನುಮಾನ ಪಡುತ್ತಾನೆ. ಪಂಪ್ ಕಳಚಿ ಕ್ಯಾಲಿಬ್ರೇಷನ್‌ಗೆ (ಅಳತೆ ಸರಿಪಡಿಸಲು) ಹೋಗುತ್ತದೆ, ದೊಡ್ಡ ಬಿಲ್ಲಾಗುತ್ತದೆ, ಮುಂದಿನ ಟ್ರಿಪ್ಪಿನಲ್ಲಿ ಮಿಸ್ಸಿಂಗ್ ಮತ್ತೆ ಕಾಣಿಸಿಕೊಳ್ಳುತ್ತದೆ. ಪಂಪ್ ಕೆಡುವುದೇ ಇಲ್ಲವೆಂದು ಇದರರ್ಥವಲ್ಲ. ಆದರೆ ಅದನ್ನು ಕಟ್ಟಕಡೆಗೆ ಮುಟ್ಟಬೇಕು, ಅದಕ್ಕೂ ಮೊದಲು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಬಹುದಾದ ಹಲವು ಜಾಗಗಳಿವೆ.

ಇಲ್ಲಿ ಹೇಳುತ್ತಿರುವುದು ಟಾಟಾ 697ರಂಥ, ಇನ್‌ಲೈನ್ ಮೆಕ್ಯಾನಿಕಲ್ ಪಂಪ್ (ಪ್ರತಿ ಸಿಲಿಂಡರ್‌ಗೂ ಒಂದೊಂದು ಎಲಿಮೆಂಟ್ ಸಾಲಾಗಿರುವ ಪಂಪ್) ಇರುವ ಹಳೆಯ ಆರು ಸಿಲಿಂಡರ್ ಡೀಸೆಲ್ ಎಂಜಿನ್‌ಗಳ ಬಗ್ಗೆ ಮಾತ್ರ. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್‌ನಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ದಾಟುವುದರಿಂದ, ಮುಂದೆ ವಿವರಿಸಿರುವ ನಟ್ ಸಡಿಲಿಸುವ ಪರೀಕ್ಷೆಯನ್ನು ಅದರಲ್ಲಿ ಎಂದಿಗೂ ಮಾಡಬಾರದು.

ಮೊದಲು ಚಾಲಕನನ್ನು ಕೇಳಿ

ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿ ಓಡಿಸುವವರ ಜೊತೆ ಕುಳಿತು ಮಾತಾಡಬೇಕು. ಮಿಸ್ಸಿಂಗ್ ಬರುವುದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೋ? ಲೋಡ್ ಇದ್ದಾಗ ಮಾತ್ರವೋ, ಖಾಲಿ ಗಾಡಿಯಲ್ಲೂ ಇದೆಯೋ? ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಾದಾಗ ಹೆಚ್ಚುತ್ತದೆಯೇ? ಹೊಗೆಯ ಬಣ್ಣವೇನು? ಬೆಳಗಿನ ಚಳಿಯಲ್ಲಿ ಬಿಳಿ ಹೊಗೆಯೊಂದಿಗೆ ಬಂದು ಬಿಸಿಯಾದಂತೆ ಮಾಯವಾಗುವ ಮಿಸ್ಸಿಂಗ್ ಸಾಮಾನ್ಯವಾಗಿ ನಾಝಲ್ (ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ನ ತುದಿ) ಅಥವಾ ಕಂಪ್ರೆಷನ್ (ಸಿಲಿಂಡರ್‌ನೊಳಗೆ ಗಾಳಿ ಒತ್ತುವ ಬಲ) ಕಡೆಗೆ ಬೆರಳು ತೋರಿಸುತ್ತದೆ. ಒಂದು ಗಂಟೆ ಓಡಿದ ಮೇಲೆ ಶುರುವಾಗಿ, ಚಹಾಕ್ಕೆ ನಿಲ್ಲಿಸಿ ಹೊರಟಾಗ ಸರಿಹೋಗಿರುತ್ತದೆ ಎಂದು ಚಾಲಕ ಹೇಳಿದರೆ ನೇರವಾಗಿ ಡೀಸೆಲ್ ಟ್ಯಾಂಕಿನ ಬಳಿ ಹೋಗಬೇಕು.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುವ ಗಾಡಿಗಳಲ್ಲಿ, ಧೂಳು ಮತ್ತು ಡೀಸೆಲ್ ಜಿಡ್ಡು ಸೇರಿ ಆ ರಂಧ್ರ ಕಟ್ಟಿಕೊಂಡರೆ, ಡೀಸೆಲ್ ಖಾಲಿಯಾಗುತ್ತಾ ಹೋದಂತೆ ಒಳಗೆ ನಿರ್ವಾತ ಉಂಟಾಗಿ, ಟ್ಯಾಂಕಿನಿಂದ ಡೀಸೆಲ್ ತರುವ ಫೀಡ್ ಪಂಪ್ ಎಳೆಯಲಾರದ ಸ್ಥಿತಿ ಬರುತ್ತದೆ. ಮಿಸ್ಸಿಂಗ್ ಇರುವಾಗಲೇ ಗಾಡಿ ನಿಲ್ಲಿಸಿ ಮುಚ್ಚಳ ತೆರೆದರೆ ಸುಯ್ಯೆಂದು ಗಾಳಿ ಒಳಗೆಳೆದುಕೊಳ್ಳುವ ಸದ್ದು ಕೇಳಿಸುತ್ತದೆ, ಅದರ ಬೆನ್ನಲ್ಲೇ ಎಂಜಿನ್ ಸುಧಾರಿಸುತ್ತದೆ. ಒಂದು ತಂತಿಯ ತುಂಡಿನಿಂದ ಮುಗಿಯುವ ಈ ಕೆಲಸಕ್ಕಾಗಿ ಪಂಪ್ ಬಿಚ್ಚುವುದು ನ್ಯಾಯವಲ್ಲ.

ಲಯವನ್ನು ಕೇಳಿಸಿಕೊಳ್ಳುವುದು

ಎಂಜಿನ್‌ನ ಪ್ರತಿಯೊಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ನಿಮಿಷಕ್ಕೆ 600 ಸುತ್ತಿನ ಐಡ್ಲಿಂಗ್‌ನಲ್ಲಿ ಒಂದು ಸಿಲಿಂಡರ್ ಸತ್ತಿದ್ದರೆ ಸೆಕೆಂಡಿಗೆ ಐದು ಬಾರಿ, ಒಂದೇ ಅಂತರದಲ್ಲಿ ಸದ್ದು ತಪ್ಪುತ್ತದೆ. ಸೈಲೆನ್ಸರ್ ಕೊಳವೆಯ ಪಕ್ಕದಲ್ಲಿ ನಿಂತು ಕೇಳಿದರೆ ಈ ಕುಂಟು ಲಯ ಸ್ಪಷ್ಟವಾಗಿ ಗೊತ್ತಾಗುತ್ತದೆ. ತಪ್ಪುವಿಕೆಗೆ ಲಯವೇ ಇಲ್ಲದೆ, ಒಮ್ಮೆ ಬೇಗ ಒಮ್ಮೆ ತಡವಾಗಿ, ಎಂಜಿನ್ ಏರಿಳಿಯುತ್ತಿದ್ದರೆ ದೋಷ ಒಂದು ಸಿಲಿಂಡರ್‌ನದ್ದಲ್ಲ. ಎಲ್ಲಕ್ಕೂ ಡೀಸೆಲ್ ಹೋಗುವ ಸಾಮಾನ್ಯ ದಾರಿಯಲ್ಲಿ ಗಾಳಿ, ನೀರು ಅಥವಾ ಕಸವಿರುವ ಸಾಧ್ಯತೆ ಹೆಚ್ಚು. ಮುಂದಿನ ಕೆಲಸವೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ, ಆದ್ದರಿಂದ ಇಲ್ಲಿ ಆತುರಪಡಬಾರದು.

ಲಯವಿಲ್ಲದ ಮಿಸ್ಸಿಂಗ್: ಗಾಳಿ ಹುಡುಕುವುದು

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಭಾಗದಲ್ಲಿ ಎಳೆತ ಇರುವುದರಿಂದ, ಅಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಹೀಗಾಗಿ ಒಣಗಿದ್ದಂತೆ ಕಾಣುವ ಜಾಯಿಂಟ್ ಕೂಡ ತಪ್ಪಿತಸ್ಥ ಇರಬಹುದು. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಡೀಸೆಲ್ ಹಿಂದಕ್ಕೆ ಟ್ಯಾಂಕಿಗಿಳಿದು, ಬೆಳಿಗ್ಗೆ ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ಎಳೆಯುವ ಪಂಪ್) ಹೊಡೆಯದೆ ಸ್ಟಾರ್ಟ್ ಆಗದಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ, ಅಲ್ಲಿಗೆ ಪಾರದರ್ಶಕ ಹೋಸ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಶುದ್ಧ ಡೀಸೆಲ್ ತುಂಬಿದ ಕ್ಯಾನಿನಲ್ಲಿ ಮುಳುಗಿಸಿ, ಪೈಪಿನೊಳಗಿನ ಗಾಳಿ ತೆಗೆದು, ನಿಂತಲ್ಲೇ ಎಂಜಿನ್ ಓಡಿಸಬೇಕು. ಹೋಸ್ ಬಿಸಿಯಾದ ಮ್ಯಾನಿಫೋಲ್ಡಿಗೆ ತಾಗಬಾರದು, ಕ್ಯಾನ್ ಕಟ್ಟಿಕೊಂಡು ರಸ್ತೆಗಿಳಿಯಲೂಬಾರದು. ಕ್ಯಾನಿನ ಡೀಸೆಲ್‌ನಲ್ಲಿ ಎಂಜಿನ್ ಚೊಕ್ಕವಾಗಿ ಓಡಿದರೆ ದೋಷ ಟ್ಯಾಂಕಿನ ಕಡೆಗಿದೆ: ಒಳಗಿನ ಎಳೆಯುವ ಕೊಳವೆಯಲ್ಲಿ ಬಿರುಕು, ಒಳಪದರ ಸಡಿಲವಾಗಿ ಎಳೆದಾಗ ಮಡಚಿಕೊಳ್ಳುವ ಹಳೆಯ ರಬ್ಬರ್ ಹೋಸ್, ಕಸ ತುಂಬಿದ ಜಾಲರಿ. ಆಗಲೂ ಮಿಸ್ಸಿಂಗ್ ಇದ್ದರೆ ಫೀಡ್ ಪಂಪಿನ ಸಣ್ಣ ಜಾಲರಿ, ಹ್ಯಾಂಡ್ ಪ್ರೈಮರ್‌ನ ಸೀಲ್, ಬ್ಯಾಂಜೋ ಬೋಲ್ಟಿನ (ಪೈಪ್ ಜೋಡಿಸುವ ಟೊಳ್ಳು ಬೋಲ್ಟ್) ಎರಡೂ ಬದಿಯ ತಾಮ್ರದ ವಾಷರ್, ಎರಡು ಫಿಲ್ಟರ್ ಮತ್ತು ಪಂಪಿನ ಮೇಲಿನ, ಹೆಚ್ಚುವರಿ ಡೀಸೆಲ್ ವಾಪಸ್ ಬಿಡುವ ಓವರ್‌ಫ್ಲೋ ವಾಲ್ವ್, ಇದೇ ಅನುಕ್ರಮದಲ್ಲಿ ನೋಡಬೇಕು. ತಾಮ್ರದ ವಾಷರ್ ಒಮ್ಮೆ ಬಿಗಿದರೆ ಗಟ್ಟಿಯಾಗುತ್ತದೆ. ಹಳೆಯದನ್ನೇ ಕೂರಿಸಿ ಬಲವಾಗಿ ತಿರುಗಿಸುವ ಬದಲು ಹೊಸದನ್ನು ಹಾಕುವುದು ಲೇಸು. ಮಳೆಗಾಲದಲ್ಲಿ ಫಿಲ್ಟರ್ ಬೌಲಿನ ಡೀಸೆಲನ್ನು ಗಾಜಿನ ಲೋಟಕ್ಕೆ ಇಳಿಸಿ ಹತ್ತು ನಿಮಿಷ ಬಿಟ್ಟರೆ, ನೀರಿದ್ದಲ್ಲಿ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ.

ಲಯವಿರುವ ಮಿಸ್ಸಿಂಗ್: ಸಿಲಿಂಡರ್ ಗುರುತಿಸುವುದು

ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳಿಗೆ ಅಡ್ಡಗಟ್ಟಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕನ್ನಡಕ ಮತ್ತು ಕೈಗವಸು ಧರಿಸಿ ಕೆಲಸ ಆರಂಭಿಸಬೇಕು. ಐಡ್ಲಿಂಗ್‌ನಲ್ಲಿ ಮೊದಲ ಇಂಜೆಕ್ಟರ್‌ನ ಪೈಪ್ ನಟ್ಟನ್ನು, ಮೇಲೆ ಬಟ್ಟೆ ಹೊದಿಸಿ, ಅರ್ಧ ಸುತ್ತು ಸಡಿಲಿಸಬೇಕು. ಎಂಜಿನ್ ಸದ್ದು ಕುಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತೆಂದು ಅರ್ಥ. ಏನೂ ಬದಲಾಗದಿದ್ದರೆ ಸತ್ತಿರುವುದು ಅದೇ. ನಟ್ ಬಿಗಿದು ಮುಂದಿನದಕ್ಕೆ ಹೋಗಬೇಕು. ಚಿಮ್ಮುವ ಡೀಸೆಲ್ ಎದುರಿಗೆ ಬೆರಳು ಹಿಡಿಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒತ್ತಡದ ಡೀಸೆಲ್ ಚರ್ಮದೊಳಗೆ ತೂರಿಕೊಳ್ಳುತ್ತದೆ, ಗಾಯ ಸೂಜಿಮೊನೆಯಷ್ಟೇ ಕಂಡರೂ ಒಳಗೆ ಮಾಂಸ ಕೊಳೆತು ಬೆರಳನ್ನೇ ತೆಗೆಯಬೇಕಾಗಬಹುದು. ಡೀಸೆಲ್ ಹೀಗೆ ಒಳಹೊಕ್ಕರೆ ನೋವು ಬರಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಸತ್ತ ಸಿಲಿಂಡರ್ ಮೂರನೆಯದೆಂದುಕೊಳ್ಳಿ. ಅದರ ಇಂಜೆಕ್ಟರನ್ನು ಐದಕ್ಕೂ, ಐದರದ್ದನ್ನು ಮೂರಕ್ಕೂ ಹೊಸ ವಾಷರ್ ಸಮೇತ ಹಾಕಿ ಮತ್ತೆ ಪರೀಕ್ಷಿಸಬೇಕು. ದೋಷ ಐದಕ್ಕೆ ಹೋದರೆ ನಾಝಲ್ ತೊಟ್ಟಿಕ್ಕುತ್ತಿದೆ ಅಥವಾ ಅಂಟಿಕೊಂಡಿದೆ. ನಾಝಲ್ ಟೆಸ್ಟರ್‌ನಲ್ಲಿ ಅದು ತೆರೆಯುವ ಒತ್ತಡವನ್ನೂ ಸ್ಪ್ರೇಯನ್ನೂ ನೋಡಿಸಿದರಾಯಿತು. ದೋಷ ಮೂರರಲ್ಲೇ ಉಳಿದರೆ ಟ್ಯಾಪೆಟ್ ಅಂತರವನ್ನು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಕಂಪನಿಯ ಕೈಪಿಡಿಯ ಅಳತೆಗೆ ತಂದು, ಬಳಿಕ ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ ಅಳೆಯಬೇಕು. ಒಂದು ಮಾತ್ರ ಉಳಿದವಕ್ಕಿಂತ ತೀರ ಕೆಳಗಿದ್ದರೆ ದೋಷ ವಾಲ್ವ್ ಅಥವಾ ಪಿಸ್ಟನ್ ರಿಂಗಿನದು. ಅಕ್ಕಪಕ್ಕದ ಎರಡು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್.

ಕಂಪ್ರೆಷನ್ ಸರಿಯಿದೆ, ನಾಝಲ್ ಸರಿಯಿದೆ, ಗಾಳಿಯಿಲ್ಲ, ಆದರೂ ಅದೇ ಸಿಲಿಂಡರ್ ಆಗಾಗ ಕೈಕೊಡುತ್ತಿದೆ ಎಂದಾದಾಗ ಮಾತ್ರ ಪಂಪಿನ ಸರದಿ. ಪಂಪಿನಿಂದ ಇಂಜೆಕ್ಟರ್ ಪೈಪಿಗೆ ಡೀಸೆಲ್ ಬಿಡುವ ಡೆಲಿವರಿ ವಾಲ್ವಿನ ಸ್ಪ್ರಿಂಗ್ ಮುರಿದಿರಬಹುದು, ವಾಲ್ವ್ ಕಸದಿಂದ ಸಿಕ್ಕಿಕೊಂಡಿರಬಹುದು, ಆ ಸಿಲಿಂಡರ್‌ನ ಎಲಿಮೆಂಟಿನೊಳಗೆ ಡೀಸೆಲ್ ಒತ್ತುವ ಪ್ಲಂಜರ್ ಸವೆದು ಡೀಸೆಲ್ ಬಿಸಿಯಾಗಿ ತೆಳುವಾದಾಗ ಸೋರುತ್ತಿರಬಹುದು. ಪಂಪನ್ನು ಟೆಸ್ಟ್ ಬೆಂಚಿಗೆ ಕಳಿಸುವಾಗ ಯಾವ ಸಿಲಿಂಡರ್, ಬಿಸಿಯಲ್ಲೋ ತಣ್ಣಗಿದ್ದಾಗಲೋ, ಏನೇನು ಪರೀಕ್ಷೆ ಈಗಾಗಲೇ ಆಗಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟರೆ, ಬೆಂಚಿನ ಮುಂದೆ ಕೂತವರು ಆ ಎಲಿಮೆಂಟಿನಿಂದಲೇ ಕೆಲಸ ಶುರು ಮಾಡಬಹುದು.