ಕ್ರೇನ್ ಚೆಕಿಂಗ್‌ಗೆ ಒಂದು ಕಾಂಕ್ರೀಟ್ ಬ್ಲಾಕ್: ನನ್ನ ಅನುಭವ

ದಾವಣಗೆರೆ, ಹರಿಹರದ ಕಡೆ ಸೈಟ್‌ಗಳಲ್ಲಿ ಸೇಫ್ಟಿ ನೋಡಿಕೊಳ್ಳುವವರಿಗೆ ಇದು ಗೊತ್ತಿರುವ ವಿಷಯ. ಬಾಡಿಗೆ ಕ್ರೇನ್ ಬಂದರೆ ಮೊದಲು ಕೈಗೆ ಸಿಗುವುದು ಸರ್ಟಿಫಿಕೇಟ್ ಫೈಲ್. ಫೈಲ್ ಸರಿಯಾಗಿಯೇ ಇರುತ್ತದೆ. ಆದರೆ ಇವತ್ತು ಬೆಳಿಗ್ಗೆ ಎಸ್‌ಎಲ್‌ಐ (ಎತ್ತಿದ ಭಾರವನ್ನು ಸ್ಕ್ರೀನ್ ಮೇಲೆ ತೋರಿಸುವ ಸೇಫ್ ಲೋಡ್ ಇಂಡಿಕೇಟರ್) ಸರಿಯಾದ ತೂಕ ತೋರಿಸುತ್ತಿದೆಯಾ ಅಂತ ಫೈಲ್ ಹೇಳುವುದಿಲ್ಲ ಅಲ್ವಾ? ಅದಕ್ಕೇ ತೂಕ ಗೊತ್ತಿರುವ ವಸ್ತು ಎತ್ತಿಸಿ ನೋಡಬೇಕು ಅಂತ ಹಟ ಹಿಡಿದೆ. ಬಾಡಿಗೆ ಸುಮ್ನೆ ದಂಡ ಅಂತ ಇಂಜಿನಿಯರ್ರೂ ಬೈದರು, ಕ್ರೇನ್ ಮಾಲೀಕರೂ ಬೈದರು.

ಶುರು ಮಾಡಿದ್ದು ಸರಳಿನ ಬಂಡಲ್‌ನಿಂದ. ಆಗಲಿಲ್ಲ. ಬೆಳಿಗ್ಗೆ ತೂಗಿದ ಬಂಡಲ್‌ನಿಂದ ಮಧ್ಯಾಹ್ನಕ್ಕೆ ನಾಲ್ಕು ಸರಳು ಕಟಿಂಗ್‌ಗೆ ಹೋಗಿರುತ್ತಿತ್ತು. ಜಂಬೋ ಚೀಲಕ್ಕೆ ಮರಳು ತುಂಬಿಸಿದೆ. ಮಳೆ ಬಂತು, ತೂಕವೇ ಬದಲಾಯಿತು. ಕೊನೆಗೆ ಫುಟಿಂಗ್‌ಗೆ ಹಾಕಿ ಉಳಿದ ಕಾಂಕ್ರೀಟ್‌ನಲ್ಲಿ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ಬ್ಲಾಕ್ ಹಾಕಿಸಿದೆ. ಲೆಕ್ಕದ ಪ್ರಕಾರ 2.4 ಟನ್ ಆಸುಪಾಸು. ಆದರೂ ಎಪಿಎಂಸಿ ಕಡೆ ಮೆಕ್ಕೆಜೋಳದ ಲಾರಿಗಳ ಸಾಲಿನಲ್ಲಿ ನಿಂತು ವೇಬ್ರಿಡ್ಜ್‌ನಲ್ಲಿ (ಲಾರಿ ತೂಗುವ ಕಾಟಾ) ತೂಗಿಸಿ, ಬ್ಲಾಕ್ ಮೇಲೇ ಪೇಂಟ್‌ನಲ್ಲಿ ಬರೆಸಿದೆ. ಶಟರಿಂಗ್, ಎತ್ತುವ ಕೊಂಡಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲಾ ಸೇರಿ ಎಂಟು-ಒಂಬತ್ತು ಸಾವಿರ ಆಗಿರಬಹುದು.

ಇದು ಲೋಡ್ ಟೆಸ್ಟ್ ಅಲ್ಲ. 1998ರ ಕಟ್ಟಡ ಕಾರ್ಮಿಕರ ಕೇಂದ್ರ ನಿಯಮದಲ್ಲಿ ಹೇಳಿದ್ದಂತೆ 20 ಟನ್‌ವರೆಗಿನ ಯಂತ್ರಕ್ಕೆ ಶೇ. 25 ಜಾಸ್ತಿ ಭಾರ ಹಾಕಿ ಮಾಡುವ ಟೆಸ್ಟ್ ಬೇರೆ. ಅದು ಕಾಂಪಿಟೆಂಟ್ ಪರ್ಸನ್ (ಇಂಥ ಟೆಸ್ಟ್ ಮಾಡಲು ಮಾನ್ಯತೆ ಪಡೆದವರು) ಕೆಲಸ. ನನ್ನದು ದಿನದ ಪರೀಕ್ಷೆ. ಟೇಪ್ ಹಿಡಿದು ರೇಡಿಯಸ್, ಅಂದರೆ ಕ್ರೇನ್ ತಿರುಗುವ ಮಧ್ಯದಿಂದ ಕೊಕ್ಕೆವರೆಗಿನ ದೂರ, ಅಳೆಯುತ್ತೇನೆ. ಬ್ಲಾಕನ್ನು ನೆಲದಿಂದ ಒಂದಡಿ ಎತ್ತಿಸಿ, ಸ್ಕ್ರೀನ್ ಓದುತ್ತೇನೆ. ಆಮೇಲೆ ಹತ್ತು ನಿಮಿಷ ಹಾಗೇ ಬಿಟ್ಟು ನೆಲದಿಂದ ಎತ್ತರ ಮತ್ತೆ ಅಳೆಯುತ್ತೇನೆ. ಬ್ಲಾಕ್ ತಾನಾಗಿ ಕೆಳಗೆ ಬಂದಿದ್ದರೆ ಸೀಲ್, ವಾಲ್ವ್ ಅಥವಾ ವಿಂಚ್ (ರೋಪ್ ಸುತ್ತುವ ಯಂತ್ರ) ಬ್ರೇಕ್, ಯಾವುದೋ ಒಂದು ಹಿಡಿಯುತ್ತಿಲ್ಲ.

ಒಂದು ಕ್ರೇನ್‌ನಲ್ಲಿ ಈ ಬ್ಲಾಕ್‌ಗೆ ಸ್ಕ್ರೀನ್ ತೋರಿಸಿದ್ದು 1.7 ಟನ್. ಮಾಲೀಕರು ಬ್ಲಾಕೇ ಹಗುರ ಅಂತ ವಾದ ಮಾಡಿದರು. ವೇಬ್ರಿಡ್ಜ್ ಚೀಟಿ ಕೈಗಿಟ್ಟೆ. ಸೆನ್ಸರ್ ಬದಲಾಯಿಸಿ ತಂದ ಮೇಲೇ ಕೆಲಸಕ್ಕೆ ಬಿಟ್ಟಿದ್ದು. ಅವತ್ತಿನಿಂದ ಅದೇ ಇಂಜಿನಿಯರ್ ಕ್ರೇನ್ ಗೇಟಿಗೆ ಬಂದ ತಕ್ಷಣ ನನಗೆ ಫೋನ್ ಮಾಡುತ್ತಾರೆ. ಈ ಭಾಗದಲ್ಲಿ ಬ್ಲಾಕ್ ಇಟ್ಟುಕೊಂಡು ಚೆಕ್ ಮಾಡುವವರನ್ನು ನಾನಂತೂ ಬೇರೆ ಯಾರನ್ನೂ ನೋಡಿಲ್ಲ.

ಎರೆಮಣ್ಣಿನಲ್ಲಿ ಇನ್ನೊಂದು ಲಾಭ ಸಿಕ್ಕಿತು. ಬೂಮ್ (ಕ್ರೇನ್‌ನ ಉದ್ದನೆಯ ತೋಳು) ಒಂದು ಜಾಕ್, ಅಂದರೆ ಕ್ರೇನ್ ನೆಲಕ್ಕೆ ಊರುವ ಕಾಲಿನ ಮೇಲೆ ತಿರುಗಿದಾಗ ಒಟ್ಟು ಭಾರದ ಮುಕ್ಕಾಲು ಪಾಲು ಆ ಒಂದೇ ಕಾಲಿಗೆ ಬರಬಹುದು. ಹಾಗಾಗಿ ಬ್ಲಾಕ್ ತೂಗುಹಾಕಿಕೊಂಡೇ ನಾಲ್ಕೂ ಕಾಲಿನ ಮೇಲೆ ನಿಧಾನಕ್ಕೆ ತಿರುಗಿಸಿ, ಲೆವೆಲ್ ಪೈಪ್ ಹಿಡಿದು ನೋಡುತ್ತೇನೆ. ಮಳೆಗಾಲದಲ್ಲಿ ಎಷ್ಟು ಸಲ ಕಾಲಿನ ಕೆಳಗಿನ ಪ್ಯಾಡ್ ಕುಸಿದಿದೆಯೋ! ಆಗ ಹಳೇ ಸ್ಲೀಪರ್ (ರೈಲು ಹಳಿ ಕೆಳಗಿನ ದಿಮ್ಮಿ) ಅಡ್ಡ ಹಾಕಿಸದೆ ಬಿಡುವುದಿಲ್ಲ. ಚಿತ್ರದುರ್ಗದ ಕಡೆ ಗಟ್ಟಿ ನೆಲದಲ್ಲಿ ಇಷ್ಟು ಒದ್ದಾಟ ಇಲ್ಲ.

ವೈರ್ ರೋಪ್‌ನಲ್ಲಿ ಹೊರಗೆ ತುಂಡಾದ ಎಳೆ ಹುಡುಕಲು ಹತ್ತಿ ವೇಸ್ಟ್ ಸಾಕು. ಹಗುರಾಗಿ ಸವರಿದರೆ ತುಂಡಾದ ಎಳೆಗೆ ಹತ್ತಿ ಸಿಕ್ಕಿಕೊಳ್ಳುತ್ತದೆ. ರೋಪ್ ಓಡುತ್ತಿರುವಾಗ ಮಾತ್ರ ಬೇಡ, ಕೈ ಹೋಗುತ್ತದೆ. ಡ್ರಮ್ ಹತ್ತಿರ ನಾನು ಮೊದಲು ಮುಟ್ಟಿ ನೋಡುವ ಒಂದು ಜಾಗ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಜೊತೆಗೆ ಬಂದು ಕೆಲಸ ಕಲಿಯುವವರಿಗೆ ತೋರಿಸುತ್ತೇನೆ.

ಬೂಮ್ ತುದಿಯ ಪುಲ್ಲಿ ನೋಡಲು ಬಿದಿರಿನ ಗಳಕ್ಕೆ ಮೊಬೈಲ್ ಕಟ್ಟಿ ವಿಡಿಯೋ ಮಾಡಿದ್ದೂ ಆಯಿತು. ಗ್ರೀಸ್ ಬಿಟ್ಟರೆ ಏನೂ ಕಾಣಲಿಲ್ಲ. ಈಗ ಬೂಮ್ ಪೂರ್ತಿ ಇಳಿಸಿ, ಗ್ರೀಸ್ ಒರೆಸಿ, ಪುಲ್ಲಿಯನ್ನು ಕೈಯಲ್ಲೇ ತಿರುಗಿಸಿ ನೋಡುತ್ತೇನೆ.