ಬೇರೆ ಶಾಸ್ತ್ರದ ಸಂಶೋಧನಾ ಪ್ರಬಂಧವನ್ನು ಓದುವ ಬಗೆ

ಭೌತಶಾಸ್ತ್ರ ಓದಿದವರು ಶಿಕ್ಷಣಕ್ಕೆ ಸಂಬಂಧಿಸಿದ ಪ್ರಬಂಧವೊಂದನ್ನು ಕೈಗೆತ್ತಿಕೊಂಡಾಗ, ಅಥವಾ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಆಟಗಾರರ ಗಾಯಗಳ ಬಗ್ಗೆ ತಿಳಿಯಲೆಂದು ವೈದ್ಯಕೀಯ ನಿಯತಕಾಲಿಕವನ್ನು ತೆರೆದಾಗ, ಇಂಗ್ಲಿಷಿಗಿಂತ ಹೆಚ್ಚಾಗಿ ಕಾಡುವ ತೊಡಕೊಂದಿದೆ. ಆ ಶಾಸ್ತ್ರದವರು ಯಾವುದನ್ನು ಪುರಾವೆಯೆಂದು ಒಪ್ಪುತ್ತಾರೆ, ಯಾವುದನ್ನು ಕಂಡರೆ ಹುಬ್ಬೇರಿಸುತ್ತಾರೆ ಎಂಬುದು ಹೊರಗಿನವರಿಗೆ ತಿಳಿದಿರುವುದಿಲ್ಲ. ಚಿನ್ನವನ್ನು ಒರೆಗಲ್ಲಿಗೆ ಹಚ್ಚಬೇಕು, ಭತ್ತವನ್ನು ಮೊರಕ್ಕೆ ಹಾಕಿ ಕೇರಬೇಕು. ಒಂದರ ಪರೀಕ್ಷೆ ಇನ್ನೊಂದಕ್ಕೆ ನಡೆಯದು. ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಕೆಲಸ ನೋಡಿಕೊಳ್ಳುತ್ತ ನಾನು ರೂಢಿಸಿಕೊಂಡ ಓದಿನ ಕ್ರಮವನ್ನು ಭೌತಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಶಿಕ್ಷಣ ಮತ್ತು ಕ್ರೀಡಾಗಾಯ ಎಂಬ ನಾಲ್ಕು ಕ್ಷೇತ್ರಗಳ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸುತ್ತೇನೆ.

ಮೊದಲು ಪೂರ್ಣ ಪ್ರಬಂಧವನ್ನು ದೊರಕಿಸಿಕೊಳ್ಳಿ. ಪತ್ರಿಕೆಯ ಸುದ್ದಿಯನ್ನೋ ಪ್ರಬಂಧದ ಸಾರಾಂಶವನ್ನೋ ಓದಿ ಮುಂದಿನ ಕೆಲಸಕ್ಕೆ ಕೈಹಾಕಬಾರದು. ಅದರಿಂದಾಗುವ ಅನಾಹುತವನ್ನು ನಾನೇ ಕಂಡಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ. ಭೌತಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನದ ಅನೇಕ ಪ್ರಬಂಧಗಳು, 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಆರಂಭಿಸಿದ ಆರ್ಕೈವ್ (arXiv) ಎಂಬ ಅಂತರ್ಜಾಲ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ಇರುವುದೆಲ್ಲವೂ ಬೇರೆ ತಜ್ಞರ ಪರಿಶೀಲನೆಗೆ ಒಳಪಟ್ಟಿರುವುದಿಲ್ಲ ಎಂಬುದು ನೆನಪಿರಲಿ. ವೈದ್ಯಕೀಯದ ಅನೇಕ ಪ್ರಬಂಧಗಳು ಪಬ್‌ಮೆಡ್ ಸೆಂಟ್ರಲ್ ಎಂಬ ಉಚಿತ ಜಾಲತಾಣದಲ್ಲಿವೆ. ಹಣ ಕೊಟ್ಟರೆ ಮಾತ್ರ ತೆರೆಯುವ ಪ್ರಬಂಧವಾದರೆ, ಪ್ರಬಂಧಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಅದೇ ಪ್ರಬಂಧದ ಬೇರೆ ಪ್ರತಿಗಳನ್ನು ಹುಡುಕಿ ನೋಡಿ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇರುವವರಿಗೆ 2025ರ ಜನವರಿಯಿಂದ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯ ಮೂಲಕ ಸಾವಿರಾರು ನಿಯತಕಾಲಿಕಗಳು ತೆರೆದಿವೆ. ಗ್ರಂಥಪಾಲಕರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಯಾವುದೂ ಆಗದಿದ್ದರೆ, ಮೊದಲ ಪುಟದಲ್ಲಿರುವ ಲೇಖಕರ ಇಮೇಲ್ ವಿಳಾಸಕ್ಕೆ ನಾಲ್ಕು ಸಾಲು ಬರೆದು ಪ್ರತಿ ಕೇಳುವುದರಲ್ಲಿ ಸಂಕೋಚ ಬೇಡ. ತಮ್ಮ ಕೆಲಸವನ್ನು ಯಾರೋ ಓದಬಯಸುತ್ತಾರೆಂದರೆ ಸಂಶೋಧಕರಿಗೆ ಸಂತೋಷವೇ ಆಗುತ್ತದೆ.

ಪ್ರಬಂಧ ಕೈಗೆ ಬಂದ ಮೇಲೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಾಲಾಗಿ ಓದುವ ಅಗತ್ಯವಿಲ್ಲ. ಪೀಠಿಕೆಯ ಕೊನೆಯ ಪ್ಯಾರಾವನ್ನು ಮೊದಲು ಓದಿ. ಸಂಶೋಧಕರು ಕೇಳಿಕೊಂಡ ಪ್ರಶ್ನೆ ಸಾಮಾನ್ಯವಾಗಿ ಅಲ್ಲಿರುತ್ತದೆ. ಆಮೇಲೆ ಕೋಷ್ಟಕಗಳಿಗೂ ಚಿತ್ರಗಳಿಗೂ ಹೋಗಿ, ಅವುಗಳ ಕೆಳಗಿನ ಸಣ್ಣ ಅಕ್ಷರಗಳ ಟಿಪ್ಪಣಿಯನ್ನು ಬಿಡದೆ ಓದಿ. ಅಲ್ಲಿಂದ ವಿಧಾನದ ಭಾಗಕ್ಕೆ ಬನ್ನಿ. ತೀರ್ಮಾನವನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಅದನ್ನು ಮೊದಲೇ ಓದಿದವರಿಗೆ ಕೋಷ್ಟಕದಲ್ಲಿಯೂ ಅದೇ ಕಾಣತೊಡಗುತ್ತದೆ. ಇಷ್ಟಾದ ನಂತರ ಪ್ರಬಂಧವನ್ನು ಮಡಚಿಟ್ಟು, ಅದು ಏನು ಹೇಳುತ್ತದೆ ಎಂಬುದನ್ನು ಒಂದೇ ಕನ್ನಡ ವಾಕ್ಯದಲ್ಲಿ ಬರೆಯಿರಿ. ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಹಾಗೆಯೇ ಜೋಡಿಸಿ ಬರೆದರೆ ಅರ್ಥವಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಮನೆಯವರಿಗೆ ಹೇಳುವಂತೆ ಬರೆಯಲು ಕುಳಿತಾಗ ಎಲ್ಲಿ ಪೆನ್ನು ನಿಲ್ಲುತ್ತದೆಯೋ ಅಲ್ಲಿಗೆ ಮರಳಿ ಹೋಗಿ ಓದಬೇಕು.

ಭೌತಶಾಸ್ತ್ರದ ಪ್ರಬಂಧದಲ್ಲಿ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಉಪಕರಣವನ್ನು ಕುರಿತದ್ದು. ಕಣಭೌತಶಾಸ್ತ್ರದಲ್ಲಿ ಹೊಸದೊಂದು ಸಿಕ್ಕಿತೆಂದು ಹೇಳಲು ‘ಐದು ಸಿಗ್ಮಾ’ ಬೇಕೆನ್ನುತ್ತಾರೆ. ಹೊಸದೇನೂ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಅಂಥ ಫಲಿತಾಂಶ ಬರುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದು ಎಂದು ಅದರರ್ಥ. ಆದರೆ 2011ರ ಸೆಪ್ಟೆಂಬರಿನಲ್ಲಿ ಒಪೆರಾ ಎಂಬ ಕಣಭೌತಶಾಸ್ತ್ರ ಪ್ರಯೋಗದ ತಂಡವು, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೊವರೆಗಿನ ಸುಮಾರು 730 ಕಿಲೋಮೀಟರ್ ದೂರವನ್ನು ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡಿನಷ್ಟು ಬೇಗ ಕ್ರಮಿಸಿದಂತೆ ಕಾಣುತ್ತಿದೆ ಎಂದು ಪ್ರಕಟಿಸಿದಾಗ, ಅದರ ಬೆನ್ನಿಗೆ ಆರು ಸಿಗ್ಮಾ ಇತ್ತು. ಮುಂದಿನ ವರ್ಷ ತಿಳಿದುಬಂದ ಮುಖ್ಯ ಕಾರಣ, ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲಿನ ಜೋಡಣೆ. ಎಷ್ಟೇ ಸಲ ಅಳೆದರೂ ಅಳತೆಗೋಲೇ ತಪ್ಪಿದ್ದರೆ ಸಿಗ್ಮಾ ಕಾಪಾಡದು. ಆದ್ದರಿಂದ ಭೌತಶಾಸ್ತ್ರದ ಪ್ರಬಂಧದಲ್ಲಿ ಆಕಸ್ಮಿಕ ದೋಷ ಮತ್ತು ಅಳೆಯುವ ಕ್ರಮದಲ್ಲೇ ಅಡಗಿದ ವ್ಯವಸ್ಥಿತ ದೋಷ ಎಂದು ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಕೊಟ್ಟಿದ್ದಾರೆಯೇ ನೋಡಿ, ಮತ್ತು ಬೇರೆ ಉಪಕರಣದಿಂದ ಬೇರೊಂದು ತಂಡ ಅದನ್ನೇ ಕಂಡಿದೆಯೇ ಎಂದು ವಿಚಾರಿಸಿ. 2012ರ ಜುಲೈ 4ರಂದು ಹಿಗ್ಸ್ ಕಣದ ಪ್ರಕಟಣೆಯನ್ನು ಜಗತ್ತು ನಂಬಿದ್ದು ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ಸ್ವತಂತ್ರ ಪ್ರಯೋಗಗಳು ಒಂದೇ ಜಾಗದಲ್ಲಿ ಬೆರಳಿಟ್ಟದ್ದರಿಂದ. ಒಪೆರಾ ತಂಡದ ಬಗ್ಗೆ ನನಗೆ ಗೌರವವಿದೆ. ತಮಗೇ ಅನುಮಾನವಿದ್ದ ಫಲಿತಾಂಶವನ್ನು ಅವರು ಎಲ್ಲರ ಮುಂದಿಟ್ಟು, ತಪ್ಪು ಹುಡುಕಲು ನೆರವು ಕೇಳಿದರು.

ಕಂಪ್ಯೂಟರ್ ವಿಜ್ಞಾನದಲ್ಲಿ, ಅದರಲ್ಲೂ ಉದಾಹರಣೆಗಳನ್ನು ತೋರಿಸಿ ಕಂಪ್ಯೂಟರಿಗೆ ಕಲಿಸುವ ಯಂತ್ರಕಲಿಕೆಯಲ್ಲಿ, ನೋಡಬೇಕಾದದ್ದು ಪರೀಕ್ಷೆಯ ದತ್ತಾಂಶ. 2019ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು, ಚಿತ್ರಗಳನ್ನು ಗುರುತಿಸುವ ಯಂತ್ರಗಳಿಗೆ ವರ್ಷಗಟ್ಟಲೆ ಒರೆಗಲ್ಲಾಗಿದ್ದ ಇಮೇಜ್‌ನೆಟ್ ಪರೀಕ್ಷೆಗೆ, ಮೊದಲಿನ ಕ್ರಮವನ್ನೇ ಅನುಸರಿಸಿ ಹೊಸ ಚಿತ್ರಗಳ ಗುಚ್ಛವನ್ನು ಸಿದ್ಧಪಡಿಸಿದರು. ಅದರ ಮೇಲೆ ಓಡಿಸಿದಾಗ ಯಂತ್ರಗಳ ನಿಖರತೆ ಶೇ. 11ರಿಂದ 14ರಷ್ಟು ಇಳಿಯಿತು, ಆದರೆ ಯಾವುದು ಮೇಲು, ಯಾವುದು ಕೆಳಗು ಎಂಬ ಸಾಲು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಕನ್ನಡ ಕೈಬರಹವನ್ನು ಶೇ. 98ರಷ್ಟು ಸರಿಯಾಗಿ ಓದುತ್ತದೆಂಬ ಪ್ರಬಂಧವೊಂದು ನಿಮಗೆ ಸಿಕ್ಕಿತೆನ್ನಿ. ಕಲಿಕೆಗೆ ಬಳಸಿದ ಹಾಳೆಗಳನ್ನು ಬರೆದವರೇ ಪರೀಕ್ಷೆಯ ಹಾಳೆಗಳನ್ನೂ ಬರೆದಿದ್ದಾರೆಯೇ ಎಂದು ಮೊದಲು ನೋಡಿ. ಹಾಗಿದ್ದರೆ ಯಂತ್ರವು ಕನ್ನಡದ ಬದಲು ಆ ಕೆಲವರ ಕೈಯನ್ನು ಕಲಿತಿರಬಹುದು. ಪ್ರೋಗ್ರಾಮನ್ನು ಎಷ್ಟು ಸಲ ಓಡಿಸಿ ಸರಾಸರಿ ತೆಗೆದರು, ಕೋಡ್ ಮುಕ್ತವಾಗಿದೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಈ ಕ್ಷೇತ್ರದಲ್ಲಿ ನಿಯತಕಾಲಿಕಕ್ಕಿಂತ ಸಮ್ಮೇಳನದಲ್ಲಿ ಮಂಡನೆಯಾದ ಪ್ರಬಂಧಕ್ಕೆ ಹೆಚ್ಚು ಮನ್ನಣೆ ಇರುವುದುಂಟು. ಹೊರಗಿನಿಂದ ಬಂದವರು ಅದನ್ನು ಕಂಡು ಗಲಿಬಿಲಿಗೊಳ್ಳಬೇಕಾಗಿಲ್ಲ.

ಶಿಕ್ಷಣದ ಪ್ರಬಂಧಗಳ ಮುಂದೆ ಹೆಚ್ಚು ಹೊತ್ತು ಕೂರಬೇಕಾಗುತ್ತದೆ, ಏಕೆಂದರೆ ಮಕ್ಕಳು ಪ್ರಯೋಗಾಲಯದ ಕಣಗಳಲ್ಲ. ಏನೂ ಮಾಡದಿದ್ದರೂ ಒಂದು ವರ್ಷದಲ್ಲಿ ಅವರು ಬೆಳೆಯುತ್ತಾರೆ, ಒಂದಷ್ಟು ಕಲಿಯುತ್ತಾರೆ. ‘ನಮ್ಮ ಯೋಜನೆಯ ನಂತರ ಮಕ್ಕಳ ಅಂಕ ಹೆಚ್ಚಾಯಿತು’ ಎಂಬ ವಾಕ್ಯಕ್ಕೆ, ಆ ಯೋಜನೆ ಸಿಗದ ಅಂಥದೇ ಮಕ್ಕಳ ಅಂಕ ಎಷ್ಟಾಯಿತು ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಬೆಲೆಯಿಲ್ಲ. ಒಳ್ಳೆಯ ಮಾದರಿಯಾಗಿ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೆಗೆದುಕೊಳ್ಳಿ. ಮುಂಬೈ ಮತ್ತು ವಡೋದರದ ಶಾಲೆಗಳಲ್ಲಿ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯು, ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಓದು, ಬರಹ, ಲೆಕ್ಕದ ಮೊದಲ ಪಾಠಗಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಹೇಳಿಕೊಡಲು ಸ್ಥಳೀಯ ಯುವತಿಯರನ್ನು ‘ಬಾಲಸಖಿ’ಯರಾಗಿ ನೇಮಿಸಿತ್ತು. ಕೆಲವು ಶಾಲೆಗಳಲ್ಲಿ ಮೂರನೆಯ ತರಗತಿಗೆ, ಉಳಿದವುಗಳಲ್ಲಿ ನಾಲ್ಕನೆಯ ತರಗತಿಗೆ ಎಂದು ಚೀಟಿ ಎತ್ತಿದಂತೆ ಹಂಚಿದ್ದರಿಂದ, ಬಾಲಸಖಿ ಇದ್ದ ಮೂರನೆಯ ತರಗತಿಯನ್ನು ಇಲ್ಲದ ಮೂರನೆಯ ತರಗತಿಯೊಂದಿಗೆ ತಾಳೆ ನೋಡಲು ಸಾಧ್ಯವಾಯಿತು. ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ. ಈ ಜಾಣ್ಮೆಯನ್ನು ಮೊದಲ ಸಲ ಓದಿದಾಗ ನನಗೆ ಬಹಳ ಸಂತೋಷವಾಗಿತ್ತು.

ಎರಡನೆಯ ವರ್ಷದಲ್ಲಿ ಬಾಲಸಖಿ ಇದ್ದ ತರಗತಿಗಳ ಸರಾಸರಿ ಅಂಕಗಳು 0.28 ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ ಇದು) ಏರಿದವು. ವಡೋದರದಲ್ಲಿ ಕಂಪ್ಯೂಟರ್ ಆಟಗಳ ಮೂಲಕ ಗಣಿತ ಕಲಿಸಿದಲ್ಲಿ ಏರಿಕೆ 0.47. ಇಂಥ ಸಂಖ್ಯೆ ಕಂಡಾಗ ಹೀಗೆ ಬಿಡಿಸಿಕೊಳ್ಳಿ. ನೂರು ಮಕ್ಕಳನ್ನು ಅಂಕದ ಪ್ರಕಾರ ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಲ್ಲಿಸಿದರೆ, ನಡುವೆ ಐವತ್ತನೆಯ ಜಾಗದಲ್ಲಿದ್ದ ಮಗು 0.28ರಷ್ಟು ಏರಿದಾಗ ಸುಮಾರು 61ನೆಯ ಜಾಗಕ್ಕೆ, 0.47ರಷ್ಟು ಏರಿದಾಗ ಸುಮಾರು 68ನೆಯ ಜಾಗಕ್ಕೆ ಬಂದು ನಿಲ್ಲುತ್ತದೆ. ಶಿಕ್ಷಣದಲ್ಲಿ ಇದು ಸಣ್ಣದಲ್ಲ. ಆದರೆ ಪ್ರಬಂಧ ಅಲ್ಲಿಗೆ ಮುಗಿಯುವುದಿಲ್ಲ. ಕಾರ್ಯಕ್ರಮ ನಿಂತ ಒಂದು ವರ್ಷದ ನಂತರ ಮತ್ತೆ ಅಳೆದಾಗ ಆ ಲಾಭ ಸುಮಾರು 0.10ಕ್ಕೆ ಇಳಿದಿತ್ತು, ಅಂದರೆ ಅದೇ ಮಗು 54ನೆಯ ಜಾಗದ ಆಸುಪಾಸಿನಲ್ಲಿತ್ತು. ಈ ಕೊನೆಯ ಸಂಖ್ಯೆಯನ್ನು ಮುಚ್ಚಿಡದೆ ಸಾರಾಂಶದಲ್ಲಿಯೇ ಬರೆದಿರುವುದು ಪ್ರಾಮಾಣಿಕ ಸಂಶೋಧನೆಯ ಗುರುತು. ಶಿಕ್ಷಣದ ಯಾವುದೇ ಪ್ರಬಂಧದಲ್ಲಿ ಹೋಲಿಕೆಯ ಗುಂಪನ್ನು ಹುಡುಕಿದ ನಂತರ ಹುಡುಕಬೇಕಾದ ಎರಡನೆಯ ವಿಷಯ ಇದೇ: ಎಷ್ಟು ಕಾಲ ಉಳಿಯಿತು ಎಂದು ಅಳೆದಿದ್ದಾರೆಯೇ?

ಇನ್ನು ಕ್ರೀಡಾಗಾಯ. ಇಲ್ಲಿ ಗಾಯ ಎಂದರೆ ಏನೆಂದು ಹೇಳಿದ್ದಾರೆ ಮತ್ತು ಯಾವುದರಿಂದ ಭಾಗಿಸಿದ್ದಾರೆ ಎಂಬ ಎರಡು ಪ್ರಶ್ನೆಗಳು ಮುಂದಿರಬೇಕು. ನೋವೆಂದು ಹೇಳಿದ್ದನ್ನೆಲ್ಲ ಎಣಿಸಿದರೆ ಒಂದು ಸಂಖ್ಯೆ ಬರುತ್ತದೆ. ಆಟದಿಂದ ಹೊರಗುಳಿಯುವಂತೆ ಮಾಡಿದ್ದನ್ನು ಮಾತ್ರ ಎಣಿಸಿದರೆ ಅದಕ್ಕಿಂತ ಬಹಳ ಕಡಿಮೆ ಬರುತ್ತದೆ. ಭಾಗಿಸುವುದನ್ನು ಸಾಮಾನ್ಯವಾಗಿ ಆಟದ 1000 ಗಂಟೆಗಳಿಗೆ ಇಷ್ಟು ಗಾಯ ಎಂದು ಮಾಡುತ್ತಾರೆ. ಒಂದು ತಂಡದಲ್ಲಿ 25 ಆಟಗಾರರು ವಾರಕ್ಕೆ 4 ಗಂಟೆಯಂತೆ 20 ವಾರ ಆಡಿದರೆ ಒಟ್ಟು 2000 ಗಂಟೆ. 6 ಗಾಯಗಳಾದರೆ 1000 ಗಂಟೆಗೆ 3. ಇನ್ನೊಂದು ತಂಡದಲ್ಲಿ 12 ಆಟಗಾರರು ವಾರಕ್ಕೆ 2 ಗಂಟೆಯಂತೆ ಅಷ್ಟೇ ವಾರ ಆಡಿದರೆ 480 ಗಂಟೆ. ಆಗಿದ್ದು 4 ಗಾಯವೇ ಆದರೂ 1000 ಗಂಟೆಗೆ 8ಕ್ಕೂ ಹೆಚ್ಚು. ಬರೀ ಗಾಯಗಳ ಸಂಖ್ಯೆ ನೋಡಿದವರು ಮೊದಲ ತಂಡದ ತರಬೇತುದಾರರನ್ನು ಅನ್ಯಾಯವಾಗಿ ದೂರುತ್ತಾರೆ.

2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು ಈ ಕ್ಷೇತ್ರದಲ್ಲಿ ಹೆಸರುವಾಸಿ. 50 ಪುರುಷರ ಫುಟ್‌ಬಾಲ್ ತಂಡಗಳನ್ನು ಚೀಟಿ ಎತ್ತಿದಂತೆ ಎರಡು ಪಾಲಾಗಿ ಹಂಚಿ, ಒಂದು ಪಾಲಿನವರಿಗೆ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮ ಮಾಡಿಸಿದರು. ಆಟಗಾರ ಮೊಣಕಾಲೂರಿ ನೇರವಾಗಿ ನಿಲ್ಲುತ್ತಾನೆ, ಜೊತೆಗಾರ ಹಿಂದಿನಿಂದ ಅವನ ಪಾದದ ಗಂಟುಗಳನ್ನು ಒತ್ತಿ ಹಿಡಿಯುತ್ತಾನೆ, ಅವನು ಸೊಂಟ ಮಡಚದೆ, ತೊಡೆಯ ಹಿಂಭಾಗದ ಸ್ನಾಯುವಿನ ಬಲದಿಂದ ತಡೆಯುತ್ತ ನಿಧಾನವಾಗಿ ಮುಂದಕ್ಕೆ ಬಾಗುತ್ತಾನೆ. ವ್ಯಾಯಾಮ ಮಾಡಿದ 461 ಆಟಗಾರರಲ್ಲಿ ಆ ಸ್ನಾಯುವಿನ 15 ಗಾಯಗಳು, ಮಾಡದ 481 ಆಟಗಾರರಲ್ಲಿ 52 ಗಾಯಗಳು ದಾಖಲಾದವು. ನೂರು ಆಟಗಾರರಿಗೆ ಇಳಿಸಿದರೆ ಮೂರಕ್ಕಿಂತ ತುಸು ಹೆಚ್ಚು ಮತ್ತು ಹನ್ನೊಂದರ ಹತ್ತಿರ. ‘ಗಾಯ ಶೇ. 70ರಷ್ಟು ಕಡಿಮೆ’ ಎಂದು ಹೇಳಬಹುದು. ಸುಮಾರು 13 ಆಟಗಾರರಿಗೆ ಈ ವ್ಯಾಯಾಮ ಮಾಡಿಸಿದರೆ ಒಂದು ಗಾಯ ತಪ್ಪುತ್ತದೆ ಎಂದೂ ಹೇಳಬಹುದು. ಎರಡೂ ನಿಜ, ಆದರೆ ಮೈದಾನದಲ್ಲಿ ಕೆಲಸ ಮಾಡುವವರಿಗೆ ಎರಡನೆಯದು ಹೆಚ್ಚು ಉಪಯುಕ್ತ. ಇಲ್ಲಿ ಚೀಟಿ ಎತ್ತಿದ್ದು ತಂಡಗಳಿಗೆ, ಬಿಡಿ ಆಟಗಾರರಿಗಲ್ಲ ಎಂಬುದನ್ನೂ ಗಮನಿಸಿ. ಒಂದೇ ಮೈದಾನ, ಒಬ್ಬರೇ ತರಬೇತುದಾರರು ಇರುವ ಆಟಗಾರರು ಒಬ್ಬರನ್ನೊಬ್ಬರು ಹೋಲುತ್ತಾರೆ, ಒಂದೇ ಶಾಲೆಯ ಮಕ್ಕಳು ಹೋಲುವಂತೆ. ಹಾಗಾಗಿ 942 ಜನರ ಅಧ್ಯಯನವೆಂದು ಹಿಗ್ಗುವ ಮೊದಲು 50 ತಂಡಗಳ ಅಧ್ಯಯನವೆಂದು ಬರೆದುಕೊಳ್ಳಬೇಕು.

ಮೇಲೆ ಹೇಳಿದ ಅನಾಹುತ ನಡೆದದ್ದು ಈ ವ್ಯಾಯಾಮದ ವಿಷಯದಲ್ಲಿಯೇ. ಅದರ ಬಗೆಗಿನ ಸಾರಾಂಶವನ್ನಷ್ಟೇ ಓದಿ, ಕಬಡ್ಡಿ ತಂಡ ನೋಡಿಕೊಳ್ಳುತ್ತಿದ್ದ ಪರಿಚಿತರೊಬ್ಬರಿಗೆ ಉತ್ಸಾಹದಿಂದ ಹೇಳಿದ್ದೆ. ಅವರು ಮೊದಲ ದಿನವೇ ಹುಡುಗರಿಂದ ಹನ್ನೆರಡರಂತೆ ಮೂರು ಸುತ್ತು ಮಾಡಿಸಿದರು. ಮರುದಿನ ಅರ್ಧ ತಂಡಕ್ಕೆ ಮೆಟ್ಟಿಲು ಇಳಿಯಲಾಗಲಿಲ್ಲ. ಆಮೇಲೆ ಪೂರ್ಣ ಪ್ರಬಂಧವನ್ನು ತರಿಸಿ ನೋಡಿದರೆ ವಿಧಾನದ ಭಾಗದಲ್ಲಿ ಎಲ್ಲವೂ ಇತ್ತು: ಮೊದಲ ವಾರ ಒಂದೇ ದಿನ, ಐದರಂತೆ ಎರಡು ಸುತ್ತು, ಎರಡನೆಯ ವಾರ ಎರಡು ದಿನ, ಆರರಂತೆ ಎರಡು ಸುತ್ತು, ಮೂರನೆಯ ವಾರದಿಂದ ಮೂರು ದಿನ, ಮೂರು ಸುತ್ತು, ಐದನೆಯ ವಾರದ ಹೊತ್ತಿಗೆ ಹನ್ನೆರಡು, ಹತ್ತು, ಎಂಟು. ಹತ್ತು ವಾರಗಳಲ್ಲಿ 27 ದಿನ. ಹುಡುಗರ ನೋವಿಗೆ ನನ್ನ ಅರೆಬರೆ ಓದೇ ಕಾರಣವಾಗಿತ್ತು, ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ಯಾರಿಗೇ ಆಗಲಿ ಪ್ರಬಂಧವೊಂದರ ಬಗ್ಗೆ ಹೇಳುವ ಮೊದಲು ವಿಧಾನದ ಕೋಷ್ಟಕವನ್ನು ಕೈಯಾರೆ ನಕಲು ಮಾಡಿಕೊಳ್ಳುತ್ತೇನೆ. ಇನ್ನೊಂದು ಮಾತು, ಡೆನ್ಮಾರ್ಕಿನ ಆ ಅಧ್ಯಯನದ ಆಟಗಾರರು ಫುಟ್‌ಬಾಲ್ ಆಡುವ ವಯಸ್ಕ ಪುರುಷರು. ಕಬಡ್ಡಿಯ ಹುಡುಗಿಯರಿಗೆ ಅಥವಾ ಹದಿಮೂರರ ಮಕ್ಕಳಿಗೆ ಇದೇ ಫಲ ಸಿಗುತ್ತದೆಂದು ಆ ಪ್ರಬಂಧ ಹೇಳುವುದಿಲ್ಲ.

ಓದಿದ್ದನ್ನು ಇಟ್ಟುಕೊಳ್ಳಲು ಒಂದು ನೋಟ್‌ಬುಕ್ ಸಾಕು. ಒಂದು ಪ್ರಬಂಧಕ್ಕೆ ಒಂದು ಪುಟ ಕೊಟ್ಟು, ಮೇಲೆ ನಿಮ್ಮ ಒಂದು ವಾಕ್ಯ, ಅದರ ಕೆಳಗೆ ಯಾರ ಮೇಲೆ ಅಥವಾ ಯಾವುದರ ಮೇಲೆ ಅಳೆದರು, ಯಾವುದರೊಂದಿಗೆ ಹೋಲಿಸಿದರು, ಮುಖ್ಯ ಸಂಖ್ಯೆ ಎಷ್ಟು, ಲೇಖಕರೇ ಒಪ್ಪಿಕೊಂಡ ಮಿತಿ ಯಾವುದು ಎಂದು ಬರೆಯಿರಿ. ಎಡ ಅಂಚಿನಲ್ಲಿ ಓದಿದ ದಿನಾಂಕ ಇರಲಿ. ಆ ಪುಟವನ್ನು ಆಧಾರವಾಗಿಟ್ಟುಕೊಂಡು ಪಾಠ ಮಾಡುವ, ವ್ಯಾಯಾಮ ಮಾಡಿಸುವ ಅಥವಾ ಬರೆಯುವ ದಿನ ಬಂದಾಗ, ಗೂಗಲ್ ಸ್ಕಾಲರ್‌ನಲ್ಲಿ ಅದನ್ನು ಉಲ್ಲೇಖಿಸಿದ ನಂತರದ ಪ್ರಬಂಧಗಳ ಪಟ್ಟಿಯನ್ನು ತೆರೆದು, ಆ ದಿನಾಂಕದ ಈಚೆಗೆ ಯಾರಾದರೂ ಅದನ್ನು ಮತ್ತೆ ಮಾಡಿ ನೋಡಿದ್ದಾರೆಯೇ, ಅಥವಾ ನಿಯತಕಾಲಿಕದ ಪುಟದಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡ ಸೂಚನೆ ಇದೆಯೇ ಎಂದು ಪರಿಶೀಲಿಸಿ, ಹೊಸ ದಿನಾಂಕವನ್ನು ಹಳೆಯದರ ಕೆಳಗೆ ಬರೆದುಕೊಳ್ಳಿ.