ಪೇಂಟ್ ಡಬ್ಬಿ ಆಮೇಲೆ ತೆಗೆಯಿರಿ: ಪ್ಲಾಸ್ಟಿಕ್ ವಿಮಾನ, ಕಾರು ಮಾಡೆಲ್ ಕಟ್ಟುವುದು ಹೀಗೆ

ಕಿಟ್ ಮನೆಗೆ ಬಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಯಾವ ಪೇಂಟ್ ತಗೊಳ್ಳಲಿ, ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಬೇಕೇಬೇಕಾ? ಅದಕ್ಕೆ ಬರೋಣ, ಅವಸರ ಬೇಡ. ಮಾಡೆಲ್ ನಿಜವಾದ ವಿಮಾನದ ಹಾಗೆ ಕಾಣುತ್ತದೋ ಆಟಿಕೆ ಹಾಗೆ ಕಾಣುತ್ತದೋ ಅನ್ನುವುದು ಪೇಂಟ್ ಡಬ್ಬಿ ತೆರೆಯುವ ಮುಂಚೆಯೇ ತೀರ್ಮಾನ ಆಗಿರುತ್ತದೆ. ಎರಡು ಭಾಗ ಸೇರುವ ಕಡೆ ಉಳಿದ ಗೆರೆ, ಕತ್ತರಿಸಿದ ಕಡೆ ಉಳಿದ ಮೊಂಡು, ಬೆರಳಿನ ಜಿಡ್ಡು. ಬಣ್ಣ ಇವನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಮೊದಲು ಅಳತೆ ವಿಷಯ. ಪೆಟ್ಟಿಗೆ ಮೇಲೆ 1/72, 1/48, 1/24 ಅಂತ ಇರುತ್ತದಲ್ಲ, ಅದನ್ನು ಅಡಿ-ಇಂಚಿನಲ್ಲಿ ಲೆಕ್ಕ ಹಾಕಿದರೆ ಸುಲಭ. 1/72ರಲ್ಲಿ ಆರು ಅಡಿಯ ಮನುಷ್ಯ ಒಂದು ಇಂಚು. 1/48ರಲ್ಲಿ ನಾಲ್ಕು ಅಡಿಗೆ ಒಂದು ಇಂಚು, 1/24ರಲ್ಲಿ ಎರಡು ಅಡಿಗೆ ಒಂದು ಇಂಚು. ವಿಮಾನಗಳು ಹೆಚ್ಚಾಗಿ ಮೊದಲಿನ ಎರಡರಲ್ಲಿ, ಕಾರುಗಳು 1/24ರಲ್ಲಿ ಸಿಗುತ್ತವೆ. ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾದ, 1965ರ ಯುದ್ಧದಲ್ಲಿ ಹೆಸರು ಮಾಡಿದ ನ್ಯಾಟ್ ಎಷ್ಟು ಪುಟ್ಟ ವಿಮಾನ ಅಂದರೆ, 1/72ರಲ್ಲಿ ಅದರ ಉದ್ದ ಬರೀ 12 ಸೆಂ.ಮೀ. ಅದೇ ಅಳತೆಯಲ್ಲಿ ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 15.6 ಸೆಂ.ಮೀ. ನಮ್ಮ ಅಂಬಾಸಡರ್ 1/24ಕ್ಕೆ ಇಳಿದರೆ 18 ಸೆಂ.ಮೀ. ಆಗುತ್ತದೆ.

ಮೊದಲ ಕಿಟ್‌ಗೆ ಒಂದೇ ಎಂಜಿನ್ನಿನ, ಮೂಗಿನಲ್ಲಿ ಫ್ಯಾನ್ ಇರುವ ಎರಡನೇ ಮಹಾಯುದ್ಧದ ವಿಮಾನ ಸಾಕು. ಎರಡು ರೆಕ್ಕೆ ಒಂದರ ಮೇಲೊಂದು ಇರುವ ಬೈಪ್ಲೇನ್ ಬೇಡ, ಅದರ ತಂತಿಗಳು ತಲೆ ತಿನ್ನುತ್ತವೆ. ಕಾರಾದರೆ ಬಾನೆಟ್ ತೆರೆಯದ, ಎಂಜಿನ್ ಇಲ್ಲದ ಕಿಟ್ ನೋಡಿ. ಬಾಡಿ ಬಿಳಿ ಪ್ಲಾಸ್ಟಿಕ್ಕಿನದಾದರೆ ಇನ್ನೂ ಒಳ್ಳೆಯದು. ಕೆಂಪು ಪ್ಲಾಸ್ಟಿಕ್ ಮೇಲೆ ಬಿಳಿ ಬಣ್ಣ ಹೊಡೆದರೆ ಕೆಲವೊಮ್ಮೆ ಒಳಗಿನ ಕೆಂಪು ಬಣ್ಣ ಇಣುಕಿ ಬಂದು ಬಿಳಿ ಗುಲಾಬಿಯಾಗುತ್ತದೆ. ಹಾಗಾಗದಿರಲು ಮಧ್ಯೆ ಒಂದು ಕೋಟ್ ಸಿಲ್ವರ್ ಬೇಕಾಗುತ್ತದೆ.

ಸಾಮಾನು ಎಲ್ಲಿ ಸಿಗುತ್ತದೆ?

ಕಿಟ್, ಮಾಡೆಲ್ ಸಿಮೆಂಟ್ (ಪ್ಲಾಸ್ಟಿಕ್ ಬೆಸೆಯುವ ದ್ರವ), ಮಾಡೆಲ್ ಪೇಂಟ್ ಈ ಮೂರನ್ನು ಆನ್‌ಲೈನ್‌ನಲ್ಲಿ ತರಿಸಿಬಿಡಿ. ಉಳಿದದ್ದು ಮೈಸೂರಿನಲ್ಲೇ, ಮಂಡ್ಯದವರಿಗೆ ಮಂಡ್ಯದಲ್ಲೇ ಸಿಗುತ್ತದೆ. ಚಾಕುವಿಗೆ ಹಾಬಿ ಅಂಗಡಿ ಹುಡುಕಬೇಡಿ. ಕೆ.ಆರ್. ಆಸ್ಪತ್ರೆ ಸುತ್ತಮುತ್ತ ಸರ್ಜಿಕಲ್ ಸಾಮಾನು ಮಾರುವ ಕಡೆ ಸ್ಕಾಲ್ಪೆಲ್‌ನ 3ನೇ ನಂಬರ್ ಹಿಡಿಕೆ, 11ನೇ ನಂಬರ್ ಬ್ಲೇಡ್ ಕೇಳಿ. ಮೊನೆ ಚೂಪಾಗಿರುವ ಬ್ಲೇಡ್ ಅದು, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬ್ಲೇಡ್ ಹಾಕುವಾಗ, ತೆಗೆಯುವಾಗ ಇಕ್ಕಳ ಬಳಸಿ, ಬೆರಳಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬೆಸುಗೆ ಹಾಕಿದ ಮೇಲೆ ಬಿಡಿಭಾಗದ ತಂತಿಕಾಲು ಕತ್ತರಿಸುವ ಸಣ್ಣ ನಿಪ್ಪರ್ ಸಿಗುತ್ತದೆ. ಕಾರ್ ಪೇಂಟಿಂಗ್‌ನವರು ಬಳಸುವ ವಾಟರ್ ಪೇಪರ್ (ನೀರಿನಲ್ಲಿ ಅದ್ದಿ ಉಜ್ಜುವ ಸ್ಯಾಂಡ್‌ಪೇಪರ್) ಹಾರ್ಡ್‌ವೇರ್ ಅಂಗಡಿಯಲ್ಲಿ ಇದ್ದೇ ಇರುತ್ತದೆ. 400, 600, 1000, 2000 ನಂಬರ್ ಒಂದೊಂದು ಶೀಟ್ ತಂದರೆ ತುಂಬಾ ದಿನ ಬರುತ್ತದೆ. ಸಂದು ತುಂಬುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿಯ ಒಂದು ಸಣ್ಣ ಡಬ್ಬಿಯನ್ನೂ ಅಲ್ಲೇ ತಗೊಳ್ಳಿ.

ಒಂದು ಎಚ್ಚರಿಕೆ. ಅದೇ ಅಂಗಡಿಯಲ್ಲಿ ಸಿಗುವ ಎನ್‌ಸಿ ಥಿನ್ನರ್, ಪೆಟ್ರೋಲು, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಯಾವುದನ್ನೂ ಮಾಡೆಲ್ ಒರೆಸಲು ಬಳಸಬೇಡಿ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಇವು ಅದನ್ನು ಕರಗಿಸಿಬಿಡುತ್ತವೆ.

ತೊಳೆಯಿರಿ, ಕತ್ತರಿಸಿ, ಒಣ ಜೋಡಣೆ ಮಾಡಿ

ಅಚ್ಚಿನಿಂದ ಭಾಗಗಳು ಸಲೀಸಾಗಿ ಬಿಡಲಿ ಅಂತ ಕಾರ್ಖಾನೆಯಲ್ಲಿ ಎಣ್ಣೆಯಂಥದ್ದು ಹಾಕಿರುತ್ತಾರೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ, ಭಾಗಗಳು ಅಂಟಿಕೊಂಡಿರುವ ಇಡೀ ಚೌಕಟ್ಟನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ಒಣಗಿಸಿ. ಆಮೇಲೆ ಬೇಕಾದ ಭಾಗವನ್ನಷ್ಟೇ ಕತ್ತರಿಸಿ. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿ ತಟ್ಟೆಗೆ ಸುರಿದರೆ ಯಾವುದಕ್ಕೆ ಯಾವ ನಂಬರ್ ಅಂತ ದೇವರಿಗೇ ಗೊತ್ತು. ಕತ್ತರಿಸುವಾಗ ಭಾಗಕ್ಕೆ ಒತ್ತಿ ಕತ್ತರಿಸಬೇಡಿ. ಸ್ವಲ್ಪ ದೂರದಲ್ಲಿ ಒಮ್ಮೆ, ಹತ್ತಿರ ಇನ್ನೊಮ್ಮೆ, ಉಳಿದ ಮೊಂಡನ್ನು ಬ್ಲೇಡಿನಿಂದ ತೆಳ್ಳಗೆ ಹೆರೆದು 600 ಪೇಪರ್ ಆಡಿಸಿ.

ಅಂಟು ಹಾಕುವ ಮುಂಚೆ ಎಲ್ಲವನ್ನೂ ಸುಮ್ನೆ ಜೋಡಿಸಿ ನೋಡಿ, ಬೇಕಾದರೆ ಮಾಸ್ಕಿಂಗ್ ಟೇಪ್ ಸುತ್ತಿ. ರೆಕ್ಕೆ ಸರಿಯಾಗಿ ಕೂರದಿದ್ದರೆ ಕಾರಣ ಹೆಚ್ಚಾಗಿ ಒಳಗಿರುತ್ತದೆ. ಸೀಟು, ಕಾಕ್‌ಪಿಟ್ ತಟ್ಟೆ ಒಂದು ಕೂದಲಷ್ಟು ಅಗಲ ಜಾಸ್ತಿ ಇದ್ದರೂ ಹೊರಗೆ ಸಂದು ಬಿಡುತ್ತದೆ. ಅದನ್ನು ಉಜ್ಜಿ ಸರಿ ಮಾಡುವುದು ಎರಡು ನಿಮಿಷದ ಕೆಲಸ, ಆಮೇಲೆ ಪುಟ್ಟಿ ತುಂಬಿ ಸರಿ ಮಾಡುವುದು ಎರಡು ಸಂಜೆಯ ಕೆಲಸ. ಮೂಗಿನಡಿ ಚಕ್ರ ಇರುವ ಜೆಟ್ ಆದರೆ ಇದೇ ಹಂತದಲ್ಲಿ ಮೂಗಿನೊಳಗೆ ಭಾರ ಸೇರಿಸಬೇಕು, ಇಲ್ಲದಿದ್ದರೆ ಮುಗಿದ ಮೇಲೆ ವಿಮಾನ ಬಾಲ ಊರಿ ಕೂತುಬಿಡುತ್ತದೆ. ಸೈಕಲ್ ಶಾಪ್‌ನಲ್ಲಿ ಸಿಗುವ ಬೇರಿಂಗ್ ಬಾಲ್‌ಗಳನ್ನು ಎಪಾಕ್ಸಿ ಅಂಟು ಹಾಕಿ ಕೂರಿಸಿ, ಅಲ್ಲಾಡಬಾರದು.

ಜೋಡಣೆ ಗೆರೆ

ಇಲ್ಲಿ ನಿಧಾನ ಮಾಡಿ. ವಿಮಾನದ ಮೈ ಎಡ ಬಲ ಎರಡು ಹೋಳಾಗಿ ಬರುತ್ತದೆ. ನಿಜವಾದ ವಿಮಾನದ ಬೆನ್ನ ಮೇಲೆ ಆ ಗೆರೆ ಸಾಮಾನ್ಯವಾಗಿ ಇರುವುದಿಲ್ಲ. ಎರಡೂ ಹೋಳನ್ನು ಸೇರಿಸಿ ಹಿಡಿದು, ತೆಳು ಸಿಮೆಂಟ್‌ನ ಬ್ರಷ್ ತುದಿಯನ್ನು ಗೆರೆಗೆ ಮುಟ್ಟಿಸಿ ಅಷ್ಟೇ. ಅದು ತಾನಾಗಿಯೇ ಗೆರೆಯುದ್ದಕ್ಕೂ ಓಡುತ್ತದೆ, ಒದ್ದೆ ಹೊಳಪು ಸರಿಯುವುದು ಕಣ್ಣಿಗೆ ಕಾಣುತ್ತದೆ. ಅರ್ಧ ನಿಮಿಷ ಬಿಟ್ಟು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ನೂಲಿನಷ್ಟು ತೆಳುವಾಗಿ ಗೆರೆಯಿಂದ ಉಬ್ಬಿ ಬರುತ್ತದೆ. ಅದು ಬಂದರೆ ಒಳ್ಳೆಯ ಲಕ್ಷಣ, ಒರೆಸಬೇಡಿ, ಮುಟ್ಟಲೂ ಬೇಡಿ. ಮುಟ್ಟಿದರೆ ನಿಮ್ಮ ಹೆಬ್ಬೆಟ್ಟಿನ ಗುರುತು ವಿಮಾನದ ಮೇಲೆ ಶಾಶ್ವತ. ಹಿಡಿದ ಬೆರಳೂ ಗೆರೆಯಿಂದ ದೂರ ಇರಲಿ, ಬೆರಳಿನಡಿ ಸಿಮೆಂಟ್ ನುಗ್ಗುತ್ತದೆ.

ಒಂದು ದಿನ ಹಾಗೇ ಬಿಡಿ. ಈ ಸಿಮೆಂಟ್ ಅಂಟಿಸುವುದಿಲ್ಲ, ಎರಡೂ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಆ ಪ್ಲಾಸ್ಟಿಕ್ ಮತ್ತೆ ಗಟ್ಟಿಯಾಗಲು ಸಮಯ ಬೇಕು, ಸಂಜೆ ಅಂಟಿಸಿ ರಾತ್ರಿಯೇ ಉಜ್ಜಿದರೆ ಆಮೇಲೆ ಗೆರೆ ಕುಗ್ಗಿ ಮತ್ತೆ ತಗ್ಗು ಬೀಳುತ್ತದೆ. ಮಾರನೇ ದಿನ ಉಬ್ಬನ್ನು ಬ್ಲೇಡಿನಿಂದ ಹೆರೆದು, 400, 600, 1000 ವಾಟರ್ ಪೇಪರ್‌ನ್ನು ನೀರಿನಲ್ಲಿ ಅದ್ದಿ ಕ್ರಮವಾಗಿ ಉಜ್ಜಿ. ಇನ್ನೂ ಸಂದು ಉಳಿದಿದ್ದರೆ ಮಾತ್ರ ಪುಟ್ಟಿ, ಅದೂ ತೆಳ್ಳಗೆ. ಒಂದೇ ಸಲ ದಪ್ಪ ಮೆತ್ತಿದರೆ ಅದು ಕುಗ್ಗುತ್ತದೆ, ಅದರೊಳಗಿನ ಥಿನ್ನರ್ ಕೆಳಗಿನ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಕೊನೆಗೆ ಆ ಜಾಗಕ್ಕಷ್ಟೇ ಬೂದು ಪ್ರೈಮರ್ (ಬಣ್ಣಕ್ಕೆ ಮುಂಚಿನ ಅಡಿಕೋಟ್) ಹೊಡೆದು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ಗೆರೆ ಕಂಡರೆ ಮತ್ತೆ ಉಜ್ಜಬೇಕು, ಬೇರೆ ದಾರಿ ಇಲ್ಲ.

ಕಾಕ್‌ಪಿಟ್ ಗಾಜು, ಕಾರಿನ ಹೆಡ್‌ಲೈಟ್‌ಗೆ ಈ ಸಿಮೆಂಟ್ ಬೇಡ. ಫೆವಿಕ್ವಿಕ್ ಥರದ ಸೂಪರ್ ಗ್ಲೂ ಅಂತೂ ಬೇಡವೇ ಬೇಡ, ಅದರ ಆವಿಗೆ ಗಾಜು ಬೆಳ್ಳಗೆ ಮಂಜು ಕಟ್ಟುತ್ತದೆ. ಮನೆಯಲ್ಲಿರುವ ಮಾಮೂಲಿ ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದಿಲ್ಲ.

ಈಗ ಪೇಂಟ್

ಏರ್‌ಬ್ರಷ್ ಇದ್ದರೆ ಚೆಂದ, ಇಲ್ಲದಿದ್ದರೆ ನಿಲ್ಲಬೇಕಾಗಿಲ್ಲ. 1/72 ವಿಮಾನಕ್ಕೆ ಒಳ್ಳೆಯ ಚಪ್ಪಟೆ ಬ್ರಷ್, ತೆಳು ಮಾಡಿದ ಅಕ್ರಿಲಿಕ್ ಪೇಂಟ್ ಸಾಕು. ಒಂದು ಕೋಟ್ ಅಡ್ಡ, ಒಣಗಿದ ಮೇಲೆ ಇನ್ನೊಂದು ಉದ್ದ. ಮೊದಲ ಕೋಟ್ ಕಲೆಕಲೆಯಾಗಿ ಕಾಣುತ್ತದೆ, ಹೆದರಬೇಡಿ. ಏರ್‌ಬ್ರಷ್‌ನವರಿಗೆ 0.3 ಮಿ.ಮೀ. ನಾಜಲ್, 15ರಿಂದ 20 ಪಿಎಸ್‌ಐ ಒತ್ತಡ, ಪೇಂಟ್ ಹಾಲಿನಷ್ಟು ತೆಳು. ಸ್ಪ್ರೇ ಕ್ಯಾನ್ ಆದರೆ ಮಾಡೆಲ್‌ನಿಂದ ಆರರಿಂದ ಎಂಟು ಇಂಚು ದೂರ ಹಿಡಿದು, ಮಾಡೆಲ್ ಆಚೆ ಶುರು ಮಾಡಿ ಈಚೆ ಮುಗಿಸಿ. ಮಾಡೆಲ್ ಮೇಲೆಯೇ ಗುಂಡಿ ಒತ್ತಿದರೆ ಮೊದಲ ಉಗುಳು ಅಲ್ಲೇ ಬೀಳುತ್ತದೆ. ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ, ಗ್ಯಾಸ್ ಒಲೆ ಇರುವ ಕಡೆ ಸ್ಪ್ರೇ ಬೇಡ.

ನಮ್ಮೂರ ಹವೆ ಈ ಕೆಲಸಕ್ಕೆ ಒಳ್ಳೆಯದೇ, ಆದರೆ ಎರಡು ತಕರಾರಿವೆ. ಜಿಟಿಜಿಟಿ ಮಳೆ ಹಿಡಿದ ದಿನ ಲ್ಯಾಕರ್ ಅಥವಾ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆದರೆ ಗಾಳಿಯ ತೇವ ಸೇರಿಕೊಂಡು ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಆಷಾಢದ ಗಾಳಿ. ಟೆರೇಸ್ ಮೇಲೆ ಕಾರಿಗೆ ಹೊಳಪಿನ ಪೇಂಟ್ ಹೊಡೆದು ಅಲ್ಲೇ ಒಣಗಲು ಬಿಟ್ಟರೆ ಚಾಮುಂಡಿ ಬೆಟ್ಟದ ಧೂಳೆಲ್ಲ ಬಾನೆಟ್ ಮೇಲೆ. ಹೊಡೆದ ತಕ್ಷಣ ಒಂದು ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ ಮುಚ್ಚಿಡಿ.

ಕಾರಿನ ಲೆಕ್ಕವೇ ಬೇರೆ. ವಿಮಾನದಲ್ಲಿ ಮ್ಯಾಟ್, ಅಂದರೆ ಹೊಳಪಿಲ್ಲದ, ಬಣ್ಣ ಸಣ್ಣಪುಟ್ಟ ತಪ್ಪನ್ನು ಕ್ಷಮಿಸುತ್ತದೆ, ಕಾರಿನ ಹೊಳಪು ಏನನ್ನೂ ಕ್ಷಮಿಸುವುದಿಲ್ಲ. ಪ್ರೈಮರ್‌ಗೆ ಮುಂಚೆ ಬಾಗಿಲಿನ ಗೆರೆಗಳನ್ನು ಬ್ಲೇಡಿನ ಬೆನ್ನಿನಿಂದ ಸ್ವಲ್ಪ ಆಳ ಮಾಡಿ, ಇಲ್ಲದಿದ್ದರೆ ನಾಲ್ಕೈದು ಕೋಟ್ ಬಿದ್ದಾಗ ಬಾಗಿಲೇ ಮಾಯ. ಮಡ್‌ಗಾರ್ಡ್ ಮೇಲೆ ಅಚ್ಚಿನ ಗೆರೆ ಹಾದಿರುತ್ತದೆ, ಉಜ್ಜಿ ತೆಗೆಯಿರಿ. ಬಣ್ಣದ ಮೇಲೆ ಕ್ಲಿಯರ್ ಹೊಡೆದು ಒಂದು ವಾರ ಮರೆತುಬಿಡಿ. ಆಮೇಲೆ 2000 ಪೇಪರ್ ನೀರಿನಲ್ಲಿ ಅದ್ದಿ ಹಗುರ ಕೈಯಲ್ಲಿ ಉಜ್ಜಿ, ಕಾರ್ ಆ್ಯಕ್ಸೆಸರೀಸ್ ಅಂಗಡಿಯ ನಯವಾದ ಪಾಲಿಶಿಂಗ್ ಕಾಂಪೌಂಡ್‌ನಿಂದ ಹೊಳಪು ತನ್ನಿ. ಏಣುಗಳ ಮೇಲೆ ಮಾತ್ರ ಪೇಪರ್ ಆಡಿಸಬೇಡಿ, ಅಲ್ಲಿ ಪೇಂಟ್ ತೆಳುವಾಗಿರುತ್ತದೆ, ಪ್ಲಾಸ್ಟಿಕ್ ಕಂಡುಬಿಡುತ್ತದೆ. ಕ್ರೋಮ್ ಭಾಗಗಳಿಗೆ ಸಿಮೆಂಟ್ ಹಿಡಿಯುವುದಿಲ್ಲ, ಅಂಟುವ ಕಡೆ ಕ್ರೋಮ್ ಕೆರೆಯಬೇಕು.

ಡೆಕಾಲ್ ಅಂದರೆ ನೀರಿನಲ್ಲಿ ನೆನೆಸಿ ಜಾರಿಸುವ ಸ್ಟಿಕರ್. ಮ್ಯಾಟ್ ಪೇಂಟ್ ಮೇಲೆ ನೇರ ಹಾಕಿದರೆ ಒರಟು ಮೇಲ್ಮೈಯಲ್ಲಿ ಗಾಳಿ ಸಿಕ್ಕಿಕೊಂಡು ಅಂಚು ಬೆಳ್ಳಿಯ ಹಾಗೆ ಮಿನುಗುತ್ತದೆ. ಮೊದಲು ಹೊಳಪಿನ ಕ್ಲಿಯರ್, ಮೇಲೆ ಡೆಕಾಲ್, ಕೊನೆಗೆ ಮ್ಯಾಟ್ ಕ್ಲಿಯರ್. ಡೆಕಾಲ್ ಅಡಿ ನೀರು ಬೆರೆಸಿದ ಬಿಳಿ ವಿನೆಗರ್ ಒಂದು ಹನಿ ಹಾಕಿದರೆ ಚೆನ್ನಾಗಿ ಕೂರುತ್ತದೆ. ನಮ್ಮ ವಾಯುಪಡೆಯ ಗುಂಡು ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಡೆಕಾಲ್ ಹಾಳೆ ಕೊಳ್ಳುವಾಗ ಇದನ್ನು ನೋಡಿಕೊಳ್ಳಿ.

ಕಿಟ್‌ಗಿಂತ ಒಂದು ಕೈ ಮೇಲೆ

ಹಿತ್ತಾಳೆ ಬಿಡಿಭಾಗ, ರೆಸಿನ್ ಸೀಟು ಅಂತ ಕಿಟ್‌ಗಿಂತ ಜಾಸ್ತಿ ದುಡ್ಡಿನ ಸಾಮಾನು ಸಿಗುತ್ತದೆ. ಮೊದಲ ಕೆಲವು ಕಿಟ್‌ಗಳಿಗೆ ಅದು ದಂಡ ಅನ್ನುವುದು ನನ್ನ ಅಭಿಪ್ರಾಯ. ಮಾಸ್ಕಿಂಗ್ ಟೇಪನ್ನು ಒಂದು ಮಿ.ಮೀ. ಪಟ್ಟಿ ಮಾಡಿ ಸೀಟಿಗೆ ಬೆಲ್ಟ್ ಹಾಕಿ, ಕಾಕ್‌ಪಿಟ್ಟೇ ಬದಲಾಗುತ್ತದೆ. ಹಳೆ ವೈರ್‌ನ ಸಣ್ಣ ತಾಮ್ರದ ಎಳೆ ಕಾರಿನ ಎಂಜಿನ್‌ಗೆ ಪ್ಲಗ್ ವೈರ್ ಆಗುತ್ತದೆ. ಎಕ್ಸಾಸ್ಟ್ ಕೊಳವೆ ತುದಿಗೆ ಪಿನ್ ವೈಸ್‌ನಿಂದ (ಕೈಯಲ್ಲೇ ತಿರುಗಿಸುವ ಪುಟ್ಟ ಡ್ರಿಲ್) ತೂತು ಕೊರೆಯಿರಿ.

ಆಂಟೆನಾ ತಂತಿಗೆ ಉಳಿದ ಚೌಕಟ್ಟಿನ ಕಡ್ಡಿಯೇ ಸಾಕು. ಒಂದು ಗೇಣು ಕಡ್ಡಿಯನ್ನು ಮೇಣದಬತ್ತಿ ಜ್ವಾಲೆಗೆ ಮುಟ್ಟಿಸದೆ ಸ್ವಲ್ಪ ಮೇಲೆ ಹಿಡಿದು ತಿರುಗಿಸುತ್ತಿರಿ. ಮಧ್ಯ ಹೊಳೆದು ಬಾಗತೊಡಗಿದಾಗ ಜ್ವಾಲೆಯಿಂದ ಈಚೆ ತಂದು ಎರಡೂ ಕೈಯಿಂದ ಎಳೆಯಿರಿ. ಬೇಗ ಎಳೆದರೆ ಕೂದಲಿನಷ್ಟು ತೆಳು, ನಿಧಾನ ಎಳೆದರೆ ದಪ್ಪ. ತಣ್ಣಗಾಗುವವರೆಗೆ ಬಿಗಿ ಹಿಡಿದಿರಿ. ಅಂಟಿಸಿದ ಮೇಲೆ ತಂತಿ ಜೋತುಬಿದ್ದರೆ ಹಚ್ಚಿದ ಊದುಬತ್ತಿ ತುದಿಯನ್ನು ಹತ್ತಿರಕ್ಕೆ, ಮುಟ್ಟಿಸದೆ, ಒಯ್ಯಿರಿ. ಅದು ತಾನೇ ಸೆಟೆದು ನಿಲ್ಲುತ್ತದೆ. ಮೈಸೂರಿನಲ್ಲಿ ಊದುಬತ್ತಿಗೆ ಬರವೇ?

ಕೊಳೆ, ಮಸಿ ಬಳಿಯುವುದರಲ್ಲಿ ಕೈ ಬಿಗಿ ಇರಲಿ. ವಿಮಾನದ ಮೈಮೇಲೆ ತಗಡು ಸೇರುವ ಗೆರೆಗಳಿರುತ್ತವಲ್ಲ, 1/72ರಲ್ಲಿ 0.2 ಮಿ.ಮೀ. ಅಗಲದ ಗೆರೆ ಅಂದರೆ ನಿಜವಾದ ವಿಮಾನದಲ್ಲಿ 14 ಮಿ.ಮೀ. ಅಗಲದ ಸಂದು. ಅಂಥ ಸಂದಿಗೆ ಕಪ್ಪು ತುಂಬಿದರೆ ವಿಮಾನ ಹಾರುವುದಾದರೂ ಹೇಗೆ? ಕಡು ಬೂದು ಅಥವಾ ಕಂದು ಸಾಕು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿಯುವ ಎಟಿಆರ್ ವಿಮಾನ ಹತ್ತುವಾಗ ಎಂಜಿನ್ ಹಿಂದೆ ಹೊಗೆಯ ಗುರುತು ಎಲ್ಲಿದೆ, ಎಲ್ಲಿಲ್ಲ ಅಂತ ನೋಡಿ. ಕಾರಿಗೆ ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರ್ ಮ್ಯೂಸಿಯಂ ಇದ್ದೇ ಇದೆ. ಹಳೆ ಕಾರಿನ ಕಿಟಕಿ ಸುತ್ತ ರಬ್ಬರ್ ಎಷ್ಟು ದಪ್ಪ, ಟೈರ್ ಎಷ್ಟು ಮಂಕು ಅನ್ನುವುದು ಫೋಟೋದಲ್ಲಿ ಇಷ್ಟು ಚೆನ್ನಾಗಿ ಗೊತ್ತಾಗುವುದಿಲ್ಲ.

ಮುಗಿದ ಮಾಡೆಲ್ ಬಿಸಿಲಿಗೆ ಬೀಳದ ಕಡೆ, ಗಾಜಿನ ಹಿಂದೆ ಇರಲಿ. ಧೂಳು ಕೂತರೆ ಮೇಕಪ್ ಬ್ರಷ್‌ನಿಂದ ತೆಗೆಯಿರಿ, ಬಟ್ಟೆಯಿಂದ ಒರೆಸಿದರೆ ಆಂಟೆನಾ ಹೋಗುತ್ತದೆ. ದಸರಾದಲ್ಲಿ ಗೊಂಬೆ ಜೊತೆ ಕೂರಿಸುವ ಆಸೆ ಇದ್ದರೆ ಧಾರಾಳವಾಗಿ ಕೂರಿಸಿ, ಪಾರ್ಕು, ರಸ್ತೆ ಮಾಡುವ ಮೆಟ್ಟಿಲಿಗೆ 1/24 ಕಾರು ಚೆನ್ನಾಗಿ ಹೊಂದುತ್ತದೆ. ಆದರೆ ಹಬ್ಬ ಮುಗಿದ ಮೇಲೆ ಅಜ್ಜಿ ಅದನ್ನೂ ಪಟ್ಟದ ಗೊಂಬೆ ಜೊತೆ ಟ್ರಂಕಿಗೆ ಹಾಕಿ ನುಸಿಗುಳಿಗೆ ಇಡದಂತೆ ನೋಡಿಕೊಳ್ಳಿ. ನ್ಯಾಫ್ತಲೀನ್ ಗುಳಿಗೆಯ ಆವಿ ಪಾಲಿಸ್ಟೈರೀನನ್ನು ಮೆತ್ತಗೆ ಮಾಡುತ್ತದೆ.